ಇಲ್ಲದ ಚಿತ್ರದ ಸಾಕ್ಷಿ

1973ರ ಸೇನಾದಂಗೆಯ ನಂತರ ಚಿಲಿ ತೊರೆದು ಫ್ರಾನ್ಸಿನಲ್ಲಿ ನೆಲೆಸಿದ ರಾವೂಲ್ ರೂಯಿಜ್, 1978ರಲ್ಲಿ ‘ಕಳುವಾದ ಚಿತ್ರದ ಊಹೆ’ ಎಂಬರ್ಥದ ಹೆಸರಿನ ಕಪ್ಪು-ಬಿಳುಪು ಸಿನಿಮಾ ಮಾಡಿದರು. ಟೊನೇರ್ ಎಂಬ ಕಲ್ಪಿತ ಕಲಾವಿದನ ಚಿತ್ರಗಳು ಒಬ್ಬ ಸಂಗ್ರಾಹಕನ ಬಳಿ ಇವೆ. ಸರಣಿಯ ಒಂದು ಮಾತ್ರ ಕಳುವಾಗಿದೆ. ಉಳಿದವುಗಳ ಗುಟ್ಟು ಆ ಒಂದರಲ್ಲಿತ್ತು ಎಂಬುದು ಅವನ ವಾದ. ಅದನ್ನು ಸಾಧಿಸಲು ಮನುಷ್ಯರನ್ನೇ ಚಿತ್ರಗಳ ಭಂಗಿಯಲ್ಲಿ ನಿಲ್ಲಿಸಿ, ಅವರ ನಡುವೆ ಓಡಾಡುತ್ತ ವಿವರಿಸುತ್ತಾನೆ. ಒಂದು ಚಿತ್ರದ ಕನ್ನಡಿಯಿಂದ ಹೊರಟ ಬೆಳಕು ಇನ್ನೊಂದರ ಚದುರಂಗದಾಟದ ಮೇಲೆ ಬೀಳುತ್ತದೆ. ನಾವೂ ತಲೆದೂಗುತ್ತೇವೆ.

ತೊಡಕಿರುವುದು ಇಲ್ಲೇ. ಕಣ್ಣೆದುರಿನ ಚಿತ್ರ ನಮ್ಮ ಮಾತನ್ನು ಅಲ್ಲಗಳೆಯಬಲ್ಲದು, ಕಳುವಾದದ್ದು ಅಲ್ಲಗಳೆಯಲಾರದು. ಪುರಾವೆ ಇಲ್ಲದಿರುವುದೇ ಪುರಾವೆಯಾದರೆ ವ್ಯಾಖ್ಯಾನಕ್ಕೆ ಸೋಲೆಂಬುದೇ ಇಲ್ಲ. ಸೋಲಲಾರದ ಓದು ಓದಲ್ಲ, ಹಟ.

ಹಾಗೆಂದು ಊಹಿಸುವುದನ್ನೇ ಬಿಡಬೇಕೆ? ಊಹೆಯಿಲ್ಲದೆ ಯಾವ ಓದೂ ಮುಂದೆ ಸಾಗದು. ಸವೆದ ಶಾಸನವನ್ನು ಪ್ರಕಟಿಸುವವರು ತಾವು ತುಂಬಿದ ಅಕ್ಷರವನ್ನು ಕಂಸದೊಳಗೆ ಇಡುತ್ತಾರೆ: ಇದು ಕಲ್ಲಿನದಲ್ಲ, ನಮ್ಮದು ಎಂದು ಹೇಳುವ ರೀತಿ ಅದು. ರೂಯಿಜ್ ಸಿನಿಮಾದ ಹೆಸರಿನಲ್ಲೇ ‘ಊಹೆ’ ಎಂಬ ಕಂಸ ಹಾಕಿದ್ದಾರೆ. ಸಂಗ್ರಾಹಕ ಅದನ್ನು ಮರೆಯುತ್ತ ಹೋಗುತ್ತಾನೆ.

ಆ ಮರೆವಿನ ಬೆಲೆ ತೆರುವವರು ಯಾರು? ಭಂಗಿಯಲ್ಲಿ ನಿಂತವರು ಗೊಂಬೆಗಳಲ್ಲ, ಉಸಿರಾಡುವವರು. ಇಡೀ ಸಿನಿಮಾದಲ್ಲಿ ಅವನು ಅವರನ್ನು ಏನೂ ಕೇಳುವುದಿಲ್ಲ. ಒಂದು ಸಮುದಾಯದ ಬಗ್ಗೆ, ತೀರಿಹೋದ ಲೇಖಕಿಯ ಬಗ್ಗೆ ಪ್ರಬಂಧ ಬರೆಯುವ ನಾವೂ ಜನರನ್ನು ನಮ್ಮ ವಾದಕ್ಕೆ ಒಪ್ಪುವ ಭಂಗಿಯಲ್ಲಿ ನಿಲ್ಲಿಸುತ್ತೇವೆ. ಅವರು ಅಲುಗಿದರೆ ಬದಲಾಗಬೇಕಾದದ್ದು ನಮ್ಮ ವಾದ, ಅವರ ಭಂಗಿಯಲ್ಲ.