ಬೀಗದ ಕೈ ಯಾರ ಹತ್ತಿರ ಇರಬೇಕು?

ಹೋದ ಚಳಿಗಾಲದ ಒಂದು ಭಾನುವಾರ ಅಮ್ಮ ಸ್ಟೀಲ್ ಡಬ್ಬಿಯಲ್ಲಿ ಬಿಸಿಬೇಳೆಬಾತ್ ತುಂಬಿಕೊಂಡು ನನ್ನ ತಮ್ಮನ ಫ್ಲಾಟಿಗೆ ಹೋದಳು. ನಾನು ಕಾರಿನಲ್ಲೇ ಕೂತಿದ್ದೆ. ಐದೇ ನಿಮಿಷಕ್ಕೆ ಡಬ್ಬಿ ಸಮೇತ ವಾಪಸ್ ಬಂದಳು. “ಪಿಜ್ಜಾ ಹೇಳಿದ್ದಾನಂತೆ. ಫ್ರೆಂಡ್ ಬರ್ತಾನಂತೆ. ನಾಳೆ ಬಾ ಅಂದ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟ ಕಣೇ.”

ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ. ವಯಸ್ಸು 34. ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವನು, ಮೂರು ವರ್ಷದಿಂದ ಇಲ್ಲಿಯ ‘ಸಪೋರ್ಟೆಡ್ ಲಿವಿಂಗ್’ ವ್ಯವಸ್ಥೆಯಲ್ಲಿ ಇದ್ದಾನೆ. ಸುದ್ದಿ ತಿಳಿದು ಮೈಸೂರಿನಿಂದ ಫೋನ್ ಮಾಡಿದ ದೊಡ್ಡಮ್ಮ ಕೇಳಿದ ಮೊದಲ ಪ್ರಶ್ನೆ, “ಅವನನ್ನ ಹೋಮಿಗೆ ಹಾಕಿಬಿಟ್ರಾ?” ಸಾಮಾನನ್ನು ಅಟ್ಟಕ್ಕೆ ಹಾಕಿದ ಹಾಗೆ. ಹೋಮ್ ಅಲ್ಲ ದೊಡ್ಡಮ್ಮ, ಅಂತ ವಿವರಿಸಲು ಹೋಗಿ ಸೋತೆ. ನಿಮಗೆ ಹೇಳಿ ನೋಡುತ್ತೇನೆ. ಕೇರ್ ಹೋಮಿನಲ್ಲಿ ಕೋಣೆ, ಆರೈಕೆ ಎರಡೂ ಒಂದೇ ಗಂಟು. ಆರೈಕೆ ಸರಿಯಿಲ್ಲವೆಂದು ಬಿಟ್ಟರೆ ಕೋಣೆಯೂ ಹೋಯಿತು. ಇಲ್ಲಿ ಎರಡೂ ಬೇರೆ ಬೇರೆ. ಬಾಡಿಗೆ ಕರಾರು ತಮ್ಮನ ಹೆಸರಿನಲ್ಲಿದೆ, ಬಾಡಿಗೆ ಹೌಸಿಂಗ್ ಬೆನಿಫಿಟ್‌ನಿಂದ ಹೋಗುತ್ತದೆ. ಅಡುಗೆ, ಬ್ಯಾಂಕು, ಬಸ್ಸು, ಮಾತ್ರೆ ಇವಕ್ಕೆಲ್ಲ ಜೊತೆಯಾಗಲು ದಿನಕ್ಕೆ ಇಷ್ಟು ಗಂಟೆ ಅಂತ ಸಪೋರ್ಟ್ ವರ್ಕರ್ ಬರುತ್ತಾರೆ. ಎಷ್ಟು ನೆರವು ಬೇಕು ಅನ್ನುವುದನ್ನು 2014ರ ಕೇರ್ ಆ್ಯಕ್ಟ್ ಪ್ರಕಾರ ಕೌನ್ಸಿಲ್ ಅಂದಾಜು ಮಾಡುತ್ತದೆ. ವರ್ಕರ್‌ಗಳನ್ನು ಕಳಿಸುವ ಸಂಸ್ಥೆ ಬದಲಾದರೂ ಮನೆ ಅವನದೇ. ಅವರು ಬೆಲ್ ಒತ್ತಿಯೇ ಒಳಗೆ ಬರಬೇಕು. ಅಮ್ಮನೂ ಅಷ್ಟೇ.

ಅಮ್ಮನ ಭಯ ಸುಳ್ಳಲ್ಲ. ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ಇಂಥವರನ್ನು ಸಿಬ್ಬಂದಿಯೇ ಹೊಡೆದು ಹಿಂಸಿಸುವುದನ್ನು 2011ರಲ್ಲಿ ಬಿಬಿಸಿಯ ಪನೋರಮಾ ಗುಟ್ಟಾಗಿ ಚಿತ್ರಿಸಿ ತೋರಿಸಿತ್ತು. ಅಮ್ಮ ಆ ರಾತ್ರಿ ತಮ್ಮನ ಮಂಚದ ಪಕ್ಕದಲ್ಲೇ ಮಲಗಿದ್ದಳು. ಪರರ ಕೈಗೆ ಕೊಡಬಾರದು ಅಂತ ಅವತ್ತೇ ತೀರ್ಮಾನಿಸಿದ್ದಳು.

ಆದರೆ ಇಲ್ಲಿ ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್ ಅಂತ 2005ರ ಕಾನೂನೊಂದಿದೆ. ಅದರ ಮೊದಲ ಪುಟದಲ್ಲೇ ಇರುವ ಮಾತು: ಒಬ್ಬರು ಅವಿವೇಕದ ತೀರ್ಮಾನ ಮಾಡಿದರು ಅಂದ ಮಾತ್ರಕ್ಕೆ ಅವರಿಗೆ ತೀರ್ಮಾನಿಸುವ ಶಕ್ತಿಯೇ ಇಲ್ಲ ಅನ್ನಬಾರದು. ಯೋಚನೆ ಮಾಡಿ. ನೀವು ರಾತ್ರಿ ಹನ್ನೊಂದಕ್ಕೆ ಪಿಜ್ಜಾ ತಿಂದರೆ ಯಾರೂ ಮೀಟಿಂಗ್ ಕರೆಯುವುದಿಲ್ಲ. ತಮ್ಮ ತಿಂದರೆ ಮಾತ್ರ ಅದು ಅವನ ‘ಕಂಡಿಷನ್’ ಆಗಿಬಿಡುತ್ತದೆ. ತಪ್ಪು ಮಾಡುವ ಅವಕಾಶವನ್ನೇ ಕೊಡದೆ ಒಬ್ಬನನ್ನು ದೊಡ್ಡವನೆಂದು ಒಪ್ಪಿಕೊಳ್ಳುವುದು ಹೇಗೆ?

ಈ ಮಾತನ್ನು ನಾನು ಬಹಳ ಧೈರ್ಯದಿಂದ ಹೇಳುತ್ತಿದ್ದೆ, ಅವನ ಹಲ್ಲುನೋವಿನ ತನಕ. ಡೆಂಟಿಸ್ಟ್ ಹತ್ತಿರ ಹೋಗೋಣವಾ ಅಂತ ವರ್ಕರ್ ಕೇಳಿದ್ದಾರೆ, ಇವನು ಬೇಡ ಅಂದಿದ್ದಾನೆ. ‘ಬೇಡ ಅಂದರು’ ಅಂತ ಡೈರಿಯಲ್ಲಿ ಬರೆದು ಮುಗಿಸಿದ್ದಾರೆ. ಹೀಗೇ ಹನ್ನೆರಡು ದಿನ. ಕೆನ್ನೆ ಊದಿಕೊಂಡಾಗ ನಮಗೆ ಗೊತ್ತಾಯಿತು. ಅವನ ಆಯ್ಕೆ, ನಾವು ಗೌರವಿಸಿದೆವು ಅಂದರು. ಅದೇ ಕಾನೂನು ಇನ್ನೊಂದನ್ನೂ ಹೇಳುತ್ತದಲ್ಲ: ಅರ್ಥ ಮಾಡಿಕೊಂಡು ತೀರ್ಮಾನಿಸಲು ಸಾಧ್ಯವಿರುವ ಎಲ್ಲ ನೆರವನ್ನೂ ಮೊದಲು ಕೊಡಬೇಕು ಅಂತ. ಕೊನೆಗೆ ಹಳೆಯ ವರ್ಕರ್ ಒಬ್ಬರು ಕುರ್ಚಿ, ದೀಪ, ಸೂಜಿ ಎಲ್ಲದರ ಚಿತ್ರ ಬರೆದು ತೋರಿಸಿದರು. ಹಿಂದಿನ ದಿನ ಕರೆದುಕೊಂಡು ಹೋಗಿ ಆ ಕುರ್ಚಿಯಲ್ಲಿ ಸುಮ್ಮನೆ ಕೂರಿಸಿ ಬಂದರು. ಮರುದಿನ ತಾನಾಗಿಯೇ ಬಾಯಿ ತೆರೆದ. ಹನ್ನೆರಡು ದಿನವೂ ಅವನು ಬೇಡ ಅಂದದ್ದು ಡೆಂಟಿಸ್ಟನ್ನಲ್ಲ, ಗೊತ್ತಿಲ್ಲದ್ದನ್ನು.

ಅಮ್ಮನ ಪ್ರಶ್ನೆ ಮಾತ್ರ ಹಳೆಯದೇ. “ನಾನು ಹೋದ ಮೇಲೆ ಇವನನ್ನ ಯಾರು ನೋಡ್ಕೋತಾರೆ?” ಕನ್ನಡ ಕಲಿಯುತ್ತಿರುವ ಕಿರಿಯರು ಈ ಪದವನ್ನು ಸ್ವಲ್ಪ ಬಿಡಿಸಿ ನೋಡಿ. ನೋಡು, ಅದಕ್ಕೆ ಸೇರಿದ ಕೊಳ್ಳು. ಬರೆದುಕೊಳ್ಳು, ಇಟ್ಟುಕೊಳ್ಳು ಅಂದಾಗ ಕೆಲಸದ ಫಲ ಮಾಡುವವರ ಕಡೆಗೇ ತಿರುಗುತ್ತದೆ. ನೋಡಿಕೊಳ್ಳುವುದರಲ್ಲೂ ಹಾಗೇನಾ? ಅಮ್ಮ ಮೂವತ್ತೊಂದು ವರ್ಷ ಅವನನ್ನು ನೋಡಿಕೊಂಡಳು. ಈಗ ಮಧ್ಯಾಹ್ನದ ಹೊತ್ತು ಏನು ಮಾಡಬೇಕೋ ಅವಳಿಗೆ ತಿಳಿಯುವುದಿಲ್ಲ. ಅವಳನ್ನಷ್ಟೇ ಅಂದರೆ ಮೋಸವಾಗುತ್ತದೆ. ಅವಳ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇದ್ದ ಉತ್ತರ ನಾನು. ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ, ಅವನನ್ನೂ ಕೇಳಿರಲಿಲ್ಲ. ಅವನ ಸ್ವಾತಂತ್ರ್ಯಕ್ಕಾಗಿ ನಾನು ಕೌನ್ಸಿಲ್ ಮುಂದೆ ಅಷ್ಟೊಂದು ವಾದಿಸಿದಾಗ ಅದರಲ್ಲಿ ನನ್ನದೂ ಎಷ್ಟು ಪಾಲಿತ್ತು ಅಂತ ಇವತ್ತಿಗೂ ತೂಗಿ ಹೇಳಲಾರೆ.

ಹಲ್ಲುನೋವಿನ ನಂತರ ತಮ್ಮ ತನ್ನ ಮನೆಯ ಇನ್ನೊಂದು ಕೀ ಮಾಡಿಸಿದ. ಅಮ್ಮನಿಗೆ ಕೊಡಲಿಲ್ಲ. “ಅಕ್ಕ, ಎಮರ್ಜೆನ್ಸಿಗೆ ಮಾತ್ರ” ಅಂತ ನನ್ನ ಕೈಗಿಟ್ಟ. ಅದು ನನ್ನ ಬ್ಯಾಗಿನಲ್ಲಿದೆ. ಅಮ್ಮನಿಗೆ ಈಗ 71. ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ, “ಒಂದು ದಿನದ ಮಟ್ಟಿಗೆ ಕೊಡೇ. ಅವನು ಕೆಲಸಕ್ಕೆ ಹೋದಾಗ ಫ್ರಿಜ್ ನೋಡಿ ಬರ್ತೀನಿ, ಅವನಿಗೆ ಗೊತ್ತೇ ಆಗಲ್ಲ.” ನಾನಿನ್ನೂ ಕೊಟ್ಟಿಲ್ಲ. ನೀವಾಗಿದ್ದರೆ ಕೊಡುತ್ತಿದ್ದಿರಾ?