ಪುಸ್ತಕಕ್ಕೆ ಏರದ ದೇಶ

ಲೆಕ್ಕಪತ್ರದ ಕೆಲಸದಲ್ಲಿ 'ರೆಕಗ್ನಿಷನ್' ಎಂಬ ಮಾತು ದಿನಕ್ಕೆ ಹತ್ತು ಸಲ ಬರುತ್ತದೆ. ಒಂದು ಆಸ್ತಿಯನ್ನೋ ಸಾಲವನ್ನೋ ಪುಸ್ತಕದಲ್ಲಿ ಯಾವಾಗ ತೋರಿಸಬೇಕು ಎಂಬ ಪ್ರಶ್ನೆ ಅದು. ಪುಸ್ತಕಕ್ಕೆ ಏರಿಸಿದ ಮಾತ್ರಕ್ಕೆ ಆಸ್ತಿ ಹುಟ್ಟುವುದಿಲ್ಲ. ಏರಿಸದ ಮಾತ್ರಕ್ಕೆ ಇರುವುದು ಇಲ್ಲವಾಗುವುದೂ ಇಲ್ಲ. ದೇಶಗಳ ಜಗತ್ತಿನಲ್ಲೂ ಇದೇ ಪ್ರಶ್ನೆಯಿದೆ, ಮಾನ್ಯತೆ ಎಂಬ ಹೆಸರಿನಲ್ಲಿ. ಅಲ್ಲಿ ಮಾತ್ರ ನಿಯಮ ಒಂದು, ನಡೆ ಇನ್ನೊಂದು.

1933ರ ಮಾಂಟೆವಿಡಿಯೊ ಒಪ್ಪಂದದ ಪ್ರಕಾರ ದೇಶಕ್ಕೆ ನಾಲ್ಕು ಲಕ್ಷಣಗಳು ಸಾಕು: ಕಾಯಂ ಜನವಸತಿ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳೊಡನೆ ವ್ಯವಹರಿಸುವ ಶಕ್ತಿ. ದೇಶದ ಅಸ್ತಿತ್ವ ಇತರರ ಮಾನ್ಯತೆಯನ್ನು ಅವಲಂಬಿಸಿಲ್ಲ ಎಂದೂ ಅದು ಹೇಳುತ್ತದೆ. ಹಾಗಿದ್ದರೆ ಸೊಮಾಲಿಲ್ಯಾಂಡನ್ನು ಏನೆಂದು ಕರೆಯೋಣ?

ನಾನಿರುವ ದುಬೈಯಿಂದ ಅದು ಬಹಳ ದೂರವೇನಲ್ಲ. ಅರೇಬಿಯ ದಾಟಿದರೆ ಏಡನ್ ಕೊಲ್ಲಿಯ ಆಚೆ ದಡ. 1960ರ ಜೂನ್ 26ರಂದು ಬ್ರಿಟಿಷರಿಂದ ಸ್ವತಂತ್ರವಾಗಿ, ಐದೇ ದಿನಕ್ಕೆ ಇಟಲಿಯ ಆಡಳಿತದಲ್ಲಿದ್ದ ಸೊಮಾಲಿಯಾದೊಡನೆ ಒಂದಾಯಿತು. ಆ ಸಂಬಂಧ ಬಾಳಲಿಲ್ಲ. 1988ರಲ್ಲಿ ಸಿಯಾದ್ ಬರ್ರೆಯ ಸೇನೆ ಹರ್ಗೈಸಾ ನಗರದ ಮೇಲೆ ಬಾಂಬು ಸುರಿಯಿತು. 1991ರ ಮೇ 18ರಂದು ಅವರು ಬೇರೆಯಾದೆವೆಂದು ಘೋಷಿಸಿದರು. ಅಲ್ಲಿಂದ ಸ್ವಂತ ನಾಣ್ಯ, ಪಾಸ್‌ಪೋರ್ಟ್, ಚುನಾವಣೆ. 2003ರ ಅಧ್ಯಕ್ಷ ಚುನಾವಣೆಯಲ್ಲಿ ಮೊದಲು ಪ್ರಕಟವಾದ ಅಂತರ ಕೇವಲ 80 ಮತ. ಸೋತವರು ಬಂದೂಕು ಹಿಡಿಯಲಿಲ್ಲ, ಕೋರ್ಟಿಗೆ ಹೋದರು. 2010ರಲ್ಲಿ ಅದೇ ಅಭ್ಯರ್ಥಿ ಗೆದ್ದಾಗ ಅಧಿಕಾರ ಶಾಂತವಾಗಿ ಕೈಬದಲಾಯಿತು. ಹೀಗಿದ್ದೂ ಮೂರು ದಶಕಕ್ಕೂ ಹೆಚ್ಚು ಕಾಲ ವಿಶ್ವಸಂಸ್ಥೆಯ ಒಂದೇ ಒಂದು ಸದಸ್ಯ ರಾಷ್ಟ್ರವೂ ಮಾನ್ಯತೆ ಕೊಡಲಿಲ್ಲ.

ದಕ್ಷಿಣ ಸುಡಾನಿನ ಕತೆ ಇದಕ್ಕೆ ತದ್ವಿರುದ್ಧ. 2011ರ ಜುಲೈ 9ರಂದು ಸ್ವತಂತ್ರವಾದ ಅದು ಜುಲೈ 14ಕ್ಕೆ ವಿಶ್ವಸಂಸ್ಥೆಯ 193ನೇ ಸದಸ್ಯ. 2013ರ ಡಿಸೆಂಬರ್‌ನಲ್ಲೇ ಅಲ್ಲಿ ಅಂತರ್ಯುದ್ಧ ಶುರುವಾಯಿತು. ಅದರ ಬೇರ್ಪಡೆಗೆ ಖಾರ್ಟೂಮ್ ಒಪ್ಪಿತ್ತು. ಸೊಮಾಲಿಲ್ಯಾಂಡಿನದಕ್ಕೆ ಮೊಗದಿಶು ಒಪ್ಪಲಿಲ್ಲ. ಎಂದರೆ ಮಾನ್ಯತೆ ಅಳೆದದ್ದು ಮನೆ ನಡೆಸುವ ಯೋಗ್ಯತೆಯನ್ನಲ್ಲ, ಹಳೆಯ ಯಜಮಾನನ ಸಹಿಯನ್ನು.

ಬರೀ ಕಾಗದವಲ್ಲವೇ ಎನ್ನಬಹುದು. ಆ ಕಾಗದವಿಲ್ಲದೆ ವಿಶ್ವಬ್ಯಾಂಕಿನ ಸದಸ್ಯತ್ವವಿಲ್ಲ, ಅದರ ಸಾಲವೂ ಇಲ್ಲ. ವ್ಯಾಪಾರ ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ: ದುಬೈನ ಡಿಪಿ ವರ್ಲ್ಡ್ 2016ರಲ್ಲಿ ಬೆರ್ಬೆರಾ ಬಂದರಿಗೆ 30 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಹಡಗಿಗೆ ಕಂಡ ಸರ್ಕಾರ ರಾಯಭಾರಿಗಳಿಗೆ ಕಾಣಲಿಲ್ಲ!

ಹಿಂಜರಿಯುವವರ ಭಯ ಪೊಳ್ಳೆಂದು ನಾನು ಹೇಳಲಾರೆ. ಒಂದು ಗಡಿ ಅಲುಗಿದರೆ ಹತ್ತು ಗಡಿಗಳಲ್ಲಿ ರಕ್ತ ಹರಿದೀತು ಎಂದೇ ಆಫ್ರಿಕದ ನಾಯಕರು 1964ರಲ್ಲಿ ಕೈರೋದಲ್ಲಿ ಸೇರಿ, ಸ್ವಾತಂತ್ರ್ಯದ ಹೊತ್ತಿನ ಗಡಿಗಳನ್ನು ಗೌರವಿಸಲು ನಿರ್ಧರಿಸಿದರು. ಆದರೆ ಸೊಮಾಲಿಲ್ಯಾಂಡ್ ಕೇಳುತ್ತಿರುವುದೂ 1960ರ ತನ್ನ ಗಡಿಯನ್ನೇ. ತೊಡಕಿರುವುದು ಒಳಗೆ. ಪೂರ್ವದ ಲಾಸ್ ಅನೋದ್ ಸುತ್ತಲಿನ ಹಲವರಿಗೆ ಸೊಮಾಲಿಯಾದ ಜೊತೆಗಿರುವ ಆಸೆ. 2023ರಲ್ಲಿ ಅಲ್ಲಿ ಕಾಳಗವೇ ನಡೆಯಿತು. ಮೊಗದಿಶುವಿಗೆ ಹರ್ಗೈಸಾ ಕೇಳಿದ ಪ್ರಶ್ನೆಯನ್ನೇ ಹರ್ಗೈಸಾಕ್ಕೆ ಲಾಸ್ ಅನೋದ್ ಕೇಳಿತು.

ರೂಪಕ್ಕಿಂತ ಹುರುಳು ಮುಖ್ಯ ಎನ್ನುವುದು ನಮ್ಮ ವೃತ್ತಿಯ ಪಾಠ. ಇರುವುದನ್ನು ತಿಳಿದೂ ಬಿಟ್ಟರೆ ಅದು ಸುಳ್ಳು ಲೆಕ್ಕ. ಮಾನ್ಯತೆಯೂ ಬಹುಮಾನವಲ್ಲ, ಭಿಕ್ಷೆಯೂ ಅಲ್ಲ. ಇರುವುದನ್ನು ಇದೆ ಎನ್ನುವ ಪ್ರಾಮಾಣಿಕತೆ. ಅದನ್ನು ಜಗತ್ತಿನಿಂದ ಕೇಳುವ ಹಕ್ಕು ಹರ್ಗೈಸಾಕ್ಕೆ ಇದೆ ಎಂದೇ ನನ್ನ ಎಣಿಕೆ. ತನ್ನೊಳಗಿನ ಒಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹೊಣೆಯೂ ಆ ಹಕ್ಕಿನ ಜೊತೆಗೇ ಬರುತ್ತದೆ.