ಒಡೆತನವಲ್ಲ, ಪಾರುಪತ್ಯ



ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದವರೆಲ್ಲರೂ ಅವನ ಅಧೀನರೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಇದನ್ನರಿತವನಿಗೆ ನಾಯಕತ್ವವು ಒಡೆತನವಲ್ಲ, ಪಾರುಪತ್ಯ.

ನಮ್ಮ ಚಾಮರಾಜನಗರದ ಚಾಮರಾಜೇಶ್ವರ ದೇಗುಲವನ್ನು 1826ರಲ್ಲಿ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಪಟ್ಟವೇರಿದಾಗ ಐದು ವರ್ಷದ ಬಾಲಕರು. ಅಂದು ರಾಜ್ಯಭಾರವೆಲ್ಲ ಮಾಧ್ವರಾದ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ನೆರೆಯ ಯಳಂದೂರು ಅವರಿಗೆ ಜಹಗೀರಾಗಿ ದೊರೆತದ್ದು 1807ರಲ್ಲಿ. ವಯಸ್ಸಿಗೆ ಬಂದ ಒಡೆಯರಿಗೆ ಅವರು 1811ರಲ್ಲಿ ಅಧಿಕಾರವನ್ನು ತುಂಬಿದ ಬೊಕ್ಕಸದೊಡನೆ ಒಪ್ಪಿಸಿದರು.

ಚಾಮರಾಜನಗರದಲ್ಲಾಗಲಿ, ಗುಂಡ್ಲುಪೇಟೆಯಲ್ಲಾಗಲಿ, ಉತ್ಸವದ ಹೊಣೆ ಹೊತ್ತ ನಾವು ಲೆಕ್ಕವನ್ನು ಸಭೆಯ ಮುಂದಿಡುತ್ತೇವೆಯೇ? ಕಿರಿಯರನ್ನು ಕೆಲಸಕ್ಕೆ ತಿದ್ದುತ್ತೇವೆಯೇ? ರಾಜ್ಯದ ಬೊಕ್ಕಸವನ್ನೇ ಒಪ್ಪಿಸಿದವರ ನೆರೆಯಲ್ಲಿದ್ದೂ, ಕಾಣಿಕೆಪೆಟ್ಟಿಗೆಯ ಬೀಗದಕೈಯನ್ನು ಒಪ್ಪಿಸಲು ನಮ್ಮ ಕೈ ಹಿಂಜರಿದರೆ, ಅದು ಸ್ವಾಮಿಯದೆಂಬುದನ್ನು ನಾವು ಮರೆತಂತೆಯೇ ಸರಿ.

ಶ್ರೀಕೃಷ್ಣಾರ್ಪಣಮಸ್ತು.